ಯಾರ ಹೆಸರಿಗೂ ಬರೆಯದ ಹಾಲು

ಮುಂಜಾನೆ ಐದೂವರೆ. ಹಮ್ಮಿಗಿಯ ಆಚೆ, ಹೊಳೆದಂಡೆಯ ಸಣ್ಣ ಹಳ್ಳಿಯೊಂದರಲ್ಲಿ ಡೇರಿಯ ಬಾಗಿಲು ಆಗಲೇ ತೆರೆದಿದೆ. ಡೇರಿ ಎಂದರೆ ಭಾರಿ ಕಟ್ಟಡವೇನಲ್ಲ. ತಗಡಿನ ಮಾಡು, ಕಲ್ಲಿನ ಕಟ್ಟೆ, ತೂಕದ ಯಂತ್ರ, ಗೋಡೆಗೆ ಬೋರಲು ಹಾಕಿದ ಕ್ಯಾನುಗಳು. ಕಟ್ಟೆಯ ಮೇಲೆ ಕೂತ ಗೌಸಬಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಬಂದ ಹಾಲಿನ ಚರಗಿಯನ್ನು ಮೊದಲು ಮೂಸುತ್ತಾರೆ, ಆಮೇಲೆ ಲ್ಯಾಕ್ಟೋಮೀಟರು ಇಳಿಬಿಟ್ಟು, ನೀರು ಬೆರೆತಿದೆಯೇ ಎಂದು ಡಿಗ್ರಿ ನೋಡುತ್ತಾರೆ. ಸಾಲಿನಲ್ಲಿ ನಿಂತವರೆಲ್ಲರ ಕಣ್ಣು ಆಕೆಯ ಮುಖದ ಮೇಲೆ.

"ಏನೋ ವೀರೇಶ, ನಿನ್ನ ಎಮ್ಮಿ ಹೊಳ್ಯಾಗ ಈಜಿ ಬಂದೈತೇನು ಇವತ್ತ?"

ಸಾಲು ಗೊಳ್ಳೆಂದು ನಗುತ್ತದೆ. ಚರಗಿ ತೊಳೆದ ನೀರು ಒಳಗೇ ಉಳಿದಿರಬೇಕು ಎಂದು ವೀರೇಶ ತಲೆ ಕೆರೆದುಕೊಳ್ಳುತ್ತಾನೆ. "ನಾಳಿಂದ ಬೋರಲ ಹಾಕಿ ಒಣಗಿಸಿ ತಾ," ಎಂದು ಗೌಸಬಿ ಚರಗಿ ತಿರುಗಿ ಕೊಡುತ್ತಾರೆ. ಬೈಗುಳ ಇಲ್ಲ, ಆದರೆ ಆ ಹಾಲು ಕ್ಯಾನಿಗೆ ಬೀಳುವುದೂ ಇಲ್ಲ.

ಗೌಸಬಿಗೆ ಈಗ ನಲವತ್ತೇಳು. ಈ ಕಟ್ಟೆ ಹತ್ತಿ ಹದಿಮೂರು ವರ್ಷವಾಯಿತು. ಮೂವತ್ತೆಂಟು ಮನೆ, ದಿನಕ್ಕೆ ಎರಡು ಹೊತ್ತು, ರಂಜಾನ್ ತಿಂಗಳಲ್ಲೂ ರಜೆ ಇಲ್ಲ. ಗಂಡ ಮಾಶಾಕ ಮುಂಡರಗಿಯಲ್ಲಿ ಚೀಲ ಹೊರುತ್ತಿದ್ದವರು. ನಡ ಹಿಡಿದ ಮೇಲೆ ಮನೆಯ ನಾಲ್ಕು ಹೊಟ್ಟೆ ತುಂಬಿಸಿದ್ದು ಒಂದೇ ಒಂದು ಎಮ್ಮೆ. ಆ ಎಮ್ಮೆಯ ಚರಗಿ ಹಿಡಿದುಕೊಂಡೇ ಆಕೆ ಈ ಸಾಲಿನಲ್ಲಿ ನಿಲ್ಲುತ್ತಿದ್ದರು. ಹಿಂದಿನ ಪರೀಕ್ಷಕ ಗದಗಿನಲ್ಲಿ ಬೇರೆ ಕೆಲಸ ಹಿಡಿದು ಹೋದಾಗ ಕಾರ್ಯದರ್ಶಿ ಬೀರಲಿಂಗಪ್ಪ, ಏಳನೆಯ ಇಯತ್ತೆ ಓದಿದವರು ಯಾರಿದ್ದೀರಿ ಎಂದು ಕೇಳಿದರು. ಎದ್ದದ್ದು ಗೌಸಬಿಯದೊಂದೇ ಕೈ.

ಮೊದಲ ತಿಂಗಳೇ ಎಡವಟ್ಟಾಯಿತು. ಕರು ಹಾಕಿ ಎರಡು ದಿನವಾಗಿದ್ದ ಎಮ್ಮೆಯ ಗಿಣ್ಣದ ಹಾಲನ್ನು ಯಾರೋ ಗೊತ್ತಿಲ್ಲದೆ ತಂದರು, ಆಕೆ ಗೊತ್ತಿಲ್ಲದೆ ಹಾಕಿಕೊಂಡರು. ಗಾಡಿ ಒಯ್ದಲ್ಲಿ ಕಾಯಿಸಿದರೆ ಇಡೀ ಕ್ಯಾನೇ ಒಡೆದು ಗಡ್ಡೆ. "ಅವತ್ತ ನಲವತ್ತ ಲೀಟರ್ ಹಾಲ ವಾಪಸ್ ಬಂತ್ರಿ. ಮಂದಿ ಏನೂ ಅನಲಿಲ್ಲ. ಅದ ನನಗ ಭಾಳ ಚುಚ್ಚಿತು," ಎನ್ನುತ್ತಾರೆ. ಅಂದಿನಿಂದ ಊರಿನ ಯಾವ ದನ ಯಾವಾಗ ಗಬ್ಬ, ಯಾವಾಗ ಈಯುತ್ತದೆ ಎಂಬುದೆಲ್ಲ ಆಕೆಯ ನಾಲಿಗೆಯ ತುದಿಯಲ್ಲಿದೆ.

ಅದಕ್ಕಿಂತ ಕಠಿಣವಾದ ಲೆಕ್ಕ ಇನ್ನೊಂದಿದೆ. ಈ ಭಾಗದ ಎಷ್ಟೋ ಮನೆಗಳಲ್ಲಿ ಮನೆದೇವರ ವಾರದಂದು ಹಾಲು ಮಾರುವುದಿಲ್ಲ. ಒಬ್ಬರಿಗೆ ಸೋಮವಾರ, ಒಬ್ಬರಿಗೆ ಮಂಗಳವಾರ, ಮತ್ತೊಬ್ಬರಿಗೆ ಶುಕ್ರವಾರ. ಗೌಸಬಿಯ ಮನೆಯಲ್ಲೂ ಗುರುವಾರದ ಹಾಲು ದರ್ಗಾದ ಹೆಸರಿನಲ್ಲಿ ಖೀರಾಗುತ್ತದೆ, ಡೇರಿಗೆ ಬರುವುದಿಲ್ಲ. ಯಾರ ಮನೆಗೆ ಯಾವ ವಾರ ಎಂಬುದನ್ನು ಆಕೆ ಬೆರಳು ಮಡಚುತ್ತ ಹೇಳುವುದನ್ನು ಕೇಳಿದರೆ ಊರಿನ ಪೂಜಾರಿಗೂ ನಾಚಿಕೆಯಾಗಬೇಕು.

"ಎಲ್ಲಾ ದೇವ್ರು ಒಂದ ದಿನಾ ಹಿಡದಿದ್ರ ನಮ್ಮ ಡೇರಿ ಎಂದೋ ಮುಚ್ಚತಿತ್ರಿ," ಎಂದು ಆಕೆ ನಗುತ್ತಾರೆ. "ಒಬ್ಬೊಬ್ರು ಒಂದೊಂದ ದಿನಾ ಹಂಚಿಕೊಂಡಾರ. ಅದಕ್ಕ ಏಳೂ ದಿನ ಗಾಡಿ ಬರ್ತೈತಿ."

ಹೆಚ್ಚಿನ ಮನೆಗಳನ್ನು ಒಟ್ಟಿಗೆ ಕಟ್ಟಿಹಾಕುವುದು ಅಮಾವಾಸ್ಯೆ ಒಂದೇ; ಅಂದು ಅವರಾರೂ ಹಾಲು ಮಾರುವುದಿಲ್ಲ. ಹಾಲು ಹೇರಳವಾಗಿದ್ದಾಗ ಅದೂ ಹೇಗೋ ದಾಟುತ್ತಿತ್ತು. ಆದರೆ ದನಗಳಿಗೆ ಚರ್ಮಗಂಟು ರೋಗ ಬಂದ ವರ್ಷ ಹನ್ನೊಂದು ಆಕಳು ಸತ್ತವು, ಬದುಕಿದವುಗಳ ಕೆಚ್ಚಲು ಬತ್ತಿತು. ಮುಂಜಾನೆಯ ನೂರ ಎಪ್ಪತ್ತು ಲೀಟರು ಎಂಬತ್ತರ ಆಸುಪಾಸಿಗೆ ಇಳಿಯಿತು. ಹಾಲು ಒಯ್ಯುವ ಗಾಡಿಯದೂ ಒಂದು ನಿಯಮವಿತ್ತು: ಸಾಲಾಗಿ ಮೂರು ಮುಂಜಾನೆ ಎರಡು ಕ್ಯಾನು, ಅಂದರೆ ಎಂಬತ್ತು ಲೀಟರು ತುಂಬದಿದ್ದರೆ ಆ ಊರಿಗೆ ಗಾಡಿ ಬಂದ್. ಗಾಡಿ ಬರದಿದ್ದರೆ ಹಾಲು ಮನೆಯಲ್ಲೇ ಉಳಿಯುತ್ತದೆ. ಮಕ್ಕಳು ಕುಡಿದಾವು, ಸರಿ. ಆದರೆ ದನಕ್ಕೆ ಹಿಂಡಿ ತರುವುದು ಯಾವುದರಿಂದ? ಹಿಂಡಿ ಇಲ್ಲದ ಎಮ್ಮೆ ಇವತ್ತಲ್ಲ ನಾಳೆ ಸಂತೆಯ ದಾರಿ ಹಿಡಿಯುತ್ತದೆ.

ಆ ವಾರ ಶನಿವಾರ ಎಪ್ಪತ್ತೆರಡು ಲೀಟರು. ರವಿವಾರ ಅರವತ್ತೊಂಬತ್ತು. ಸೋಮವಾರ ಅಮಾವಾಸ್ಯೆ.

ರವಿವಾರ ಸಂಜೆ ದೀಪ ಹಚ್ಚುವ ಹೊತ್ತಿಗೆ ಗೌಸಬಿ ದುರಗವ್ವನ ಮನೆಗೆ ಹೋದರು. ದುರಗವ್ವ ಎಪ್ಪತ್ತು ದಾಟಿದ ಹಿರಿಯ ಜೀವ, ವಾರ-ತಿಥಿಯಲ್ಲಿ ಭಾರಿ ಕಟ್ಟುನಿಟ್ಟು. ಹಿಂದೊಮ್ಮೆ ಶುಕ್ರವಾರ ಹಾಲು ಕೇಳಿದ್ದಕ್ಕೆ ಗೌಸಬಿಗೆ ಸರಿಯಾಗಿ ಮಂಗಳಾರತಿ ಮಾಡಿ ಕಳಿಸಿದವರು. ರೋಗಕ್ಕೆ ಅವರ ಆಕಳೂ ಹೋಗಿತ್ತು, ಉಳಿದದ್ದು ಒಂದು ಎಮ್ಮೆ.

"ಕೇಳಾಕ ಬಂದಿಲ್ಲ ದೊಡ್ಡವ್ವ, ಹೇಳಾಕ ಬಂದೀನಿ. ನಾಳಿ ಗಾಡಿ ಬರೂದು ಕಡೀ ಸಲ ಇರಬೇಕು," ಎಂದರು ಗೌಸಬಿ. ದುರಗವ್ವ ಬತ್ತಿ ಹೊಸೆಯುತ್ತಲೇ ಇದ್ದರು.

ಮರುದಿನ ಗಾಡಿ ಬಂದು ನಿಂತಾಗ ಕ್ಯಾನಿನಲ್ಲಿದ್ದದ್ದು ಮೂವತ್ತನಾಲ್ಕು ಲೀಟರು. ಮುಸಲ್ಮಾನರ ಓಣಿಯದು, ಜೊತೆಗೆ ಅಮಾವಾಸ್ಯೆ ಹಿಡಿಯದ ನಾಲ್ಕಾರು ಮನೆಗಳದು. ಚಾಲಕ ಸಕ್ರಪ್ಪ ಕ್ಯಾನಿನೊಳಗೆ ಇಣುಕಿ ನೋಡಿದರು. ಟೈರಿನ ಗಾಳಿ ನೋಡುವ ನೆಪ ಮಾಡಿ ಗಾಡಿಯ ಸುತ್ತ ಮೂರು ಪ್ರದಕ್ಷಿಣೆ ಹಾಕಿದರು. "ಬರೇ ನಾಲ್ಕ ಟೈರ್ ನೋಡಾಕ ಹದಿನೈದ ಮಿನಿಟ್ ಹಚ್ಚಿದಾ ರೀ ಪುಣ್ಯಾತ್ಮ. ಅವನ ಉಪಕಾರಾ ಸಾಯೂ ಮಟಾ ಮರಿಯಂಗಿಲ್ಲ," ಎಂದು ಗೌಸಬಿ ಈಗಲೂ ಕೈ ಮುಗಿಯುತ್ತಾರೆ.

ಆಗ ಬಂದರು ದುರಗವ್ವ, ಸೊಂಟದ ಮೇಲೆ ತುಂಬಿದ ಚರಗಿ. ಗೌಸಬಿ ಅವಸರದಿಂದ ಹಾಲು ಬರೆಯುವ ಪಟ್ಟಿಯಲ್ಲಿ ಹೆಸರು ಹುಡುಕಿದರು.

"ಪೆನ್ನ ಕೆಳಗಿಡ ಬೇ," ಎಂದರು ದುರಗವ್ವ. "ಇದು ಮಾರಾಕ ತಂದಿದ್ದಲ್ಲ. ಅಮಾಸಿ ದಿನಾ ಹಾಲ ಮಾರಬಾರ್ದು ಅಂದಾರ ಹಿರ್ಯಾರು. ಕೊಡಬಾರ್ದು ಅಂತ ಯಾರೂ ಅಂದಿಲ್ಲ."

ಹಾಗೆಂದು ತಾವೇ ಚರಗಿಯನ್ನು ಕ್ಯಾನಿಗೆ ಬಗ್ಗಿಸಿದರು. ಅವರ ಹಿಂದೆ ಓಣಿಯ ಹೆಂಗಸರು, ಒಬ್ಬರ ಬೆನ್ನಿಗೊಬ್ಬರು. ಸಕ್ರಪ್ಪ ಮುಚ್ಚಳ ಹಾಕುವ ಹೊತ್ತಿಗೆ ಎಂಬತ್ಮೂರು ಲೀಟರು.

"ಹದಿಮೂರ ವರ್ಷದಾಗ ಡಿಗ್ರಿ ನೋಡದ ಹಾಕ್ಕೊಂಡ ಹಾಲ ಅದೊಂದ ರೀ. ನೋಡೂಣು ಅಂದ್ರ ಕಣ್ಣ ತುಂಬ ನೀರು," ಎನ್ನುತ್ತಾರೆ ಗೌಸಬಿ. ವೀರೇಶನ ಮನೆಯದನ್ನೂ ನೋಡಲಿಲ್ಲವೇ ಎಂದರೆ, "ಅವಂದೂ ನೋಡಲಿಲ್ಲ," ಎಂದು ನಗುತ್ತಾರೆ.

ಕೊಟ್ಟ ಹಾಲನ್ನು ಯಾರ ಹೆಸರಿಗೆ ಬರೆಯುವುದು ಎಂದು ಬೀರಲಿಂಗಪ್ಪ ತಲೆ ಕೆಡಿಸಿಕೊಂಡರು. ಮಾರಿದ ಪಾಪ ಮತ್ತೆ ಯಾರಿಗೆ ತಟ್ಟುತ್ತದೆ? ಗೌಸಬಿ ತೀರ್ಪು ಕೊಟ್ಟರು: "ಕೊಟ್ಟವ್ರಿಗೆ ಪಾಪಿಲ್ಲ. ಮಾರೂದು ಡೇರಿ. ಡೇರಿಗೆ ಎಲ್ಲೈತ್ರಿ ಮನಿದೇವ್ರು?" ಪಟ್ಟಿಯಲ್ಲಿ ಹೆಸರಿನ ಜಾಗ ಖಾಲಿಯೇ ಉಳಿಯಿತು. ಆ ಹಾಲಿನಿಂದ ಬಂದ ದುಡ್ಡಿನಲ್ಲಿ ದನಗಳ ಔಷಧದ ಪೆಟ್ಟಿಗೆಯೊಂದು ಕಟ್ಟೆಯ ಕೆಳಗೆ ಬಂತು: ಹೊಟ್ಟೆಯುಬ್ಬರಕ್ಕೆ ಎಣ್ಣೆ, ಹುಳ ಬಿದ್ದ ಗಾಯಕ್ಕೆ ಮುಲಾಮು, ಜಂತಿನ ಗುಳಿಗೆ. ಅಂದಿನಿಂದ ಪ್ರತಿ ಅಮಾವಾಸ್ಯೆಯೂ ಹೆಸರಿಲ್ಲದ ಹಾಲು ಬರುತ್ತಿದೆ, ಪೆಟ್ಟಿಗೆ ಖಾಲಿಯಾಗಿಲ್ಲ. ಹೋದ ಮಳೆಗಾಲ ಎಳೆ ಹುಲ್ಲು ತಿಂದು ಹೊಟ್ಟೆಯುಬ್ಬಿ ಬಿದ್ದಿದ್ದ ದುರಗವ್ವನ ಎಮ್ಮೆಯ ಜೀವ ಡಾಕ್ಟರು ಬರುವ ತನಕ ಹಿಡಿದಿಟ್ಟದ್ದು ಅದೇ ಪೆಟ್ಟಿಗೆಯ ಎಣ್ಣೆ. ಗಾಡಿ ಈಗಲೂ ಬರುತ್ತದೆ. ಮುಂಜಾನೆಯ ಹಾಲು ನೂರ ಮೂವತ್ತು ಲೀಟರಿಗೆ ಏರಿದೆ.

"ದನಾ ಉಳದ್ರ ಮನಿ ಉಳೀತೈತಿ. ಮನಿ ಉಳದ್ರ ಡೇರಿ. ಡೇರಿ ಉಳದ್ರ ದನಾ ಸಂತಿಗೆ ಹೋಗಂಗಿಲ್ಲ," ಎನ್ನುತ್ತ ಗೌಸಬಿ ಖಾಲಿ ಕ್ಯಾನಿಗೆ ಬಿಸಿನೀರು ಹೊಯ್ದು ತಿಕ್ಕುತ್ತಾರೆ. ಬೆರಳ ಸಂದಿಗಳು ಬಿಳಿಚಿಕೊಂಡಿವೆ.

ನಿಮಗೇನು ಬೇಕು ಎಂದು ಕೇಳಿದರೆ ತಿಕ್ಕುವುದನ್ನು ನಿಲ್ಲಿಸುತ್ತಾರೆ. ಮನೆಯ ಎಮ್ಮೆ ಬರುವ ತಿಂಗಳು ಈಯುವುದಿದೆ.

"ಹೆಣ್ಣ ಕರಾ ಹಾಕಿದ್ರ ಚಲೋ. ಗಂಡಾದ್ರೂ ಬ್ಯಾಡ ಅನ್ನಂಗಿಲ್ಲ. ಸುಖಾಗಿ ಈದ್ರ ಸಾಕ್ರಿ," ಎನ್ನುತ್ತಾರೆ. ಕ್ಯಾನು ಬೋರಲು ಹಾಕುತ್ತ ಮಾತು ಮುಂದುವರಿಸುತ್ತಾರೆ: "ಕರಾ ಕುಡದ ಮ್ಯಾಲ ಮೊದಲ್ನೇ ಚರಗಿ ಗಿಣ್ಣ ದುರಗವ್ವನ ಮನಿಗೆ. ಅದನ್ನ ಡೇರ್ಯಾಗ ಹಾಕಾಕ ಬರಂಗಿಲ್ಲ, ಯಾರ ಹೆಸರಿಗೂ ಬರಿಯಾಕ ಬರಂಗಿಲ್ಲ. ಕೊಟ್ಟ ಬರಬೇಕು, ಅಷ್ಟ."