ಅತ್ತಿಗೆ ಹೇಳಿದ ಮೂರು ಮನೆಗಳು

ಅತ್ತಿಗೆ ತೀರಿಕೊಂಡ ಮೇಲೆ ಮನೆಗೆ ಬಂದವರೆಲ್ಲ ಅವರ ಮೀನು ಸಾರನ್ನು ನೆನೆದರು, ಅಂಗಳದ ಮಲ್ಲಿಗೆ ಗಿಡಗಳನ್ನು ನೆನೆದರು. ಎಲ್ಲವೂ ನಿಜ. ಆದರೆ ನಾನು ಅಳುವುದು ಬೇರೆಯದಕ್ಕೆ. ಅದು ಬಂದವರಿಗೆ ಗೊತ್ತಿರಲಿಲ್ಲ.

ನಮ್ಮದು ಉಡುಪಿ ಹತ್ತಿರದ ಕಾಪು. ಅಪ್ಪ ಅಮ್ಮ ಬೇಗ ಹೋದರು. ಅಣ್ಣ ಕಾರ್ಕಳದಿಂದ ಅತ್ತಿಗೆಯನ್ನು ಮದುವೆಯಾಗಿ ತಂದಾಗ ನಾನಿನ್ನೂ ಶಾಲೆಗೆ ಹೋಗುತ್ತಿದ್ದೆ. ಎಪ್ಪತ್ತರ ದಶಕದ ನಡುವಿನಲ್ಲಿ ನನಗೆ ಗಂಡು ನೋಡತೊಡಗಿದರು. ನಮ್ಮ ಕಡೆ ಸಂಬಂಧ ಗಟ್ಟಿಯಾಗುವವರೆಗೆ ಯಾವ ಮನೆಯೆಂದು ಹೊರಗೆ ಹೇಳುವುದಿಲ್ಲ. ಹೇಳಲೇಬೇಕಾದವರು ಮೂವರು. ಮಾತುಕತೆಗೆ ನಿಲ್ಲಬೇಕಾದ ಅಜೆಕಾರಿನ ಸೋದರಮಾವ, ಹೆಣ್ಣು ನೋಡಲು ತಮ್ಮ ಮನೆ ಕೊಡುತ್ತಿದ್ದ ಉಡುಪಿಯ ದೊಡ್ಡಮ್ಮ, ಕಾರು ಕೊಡುತ್ತಿದ್ದ ಎದುರು ಮನೆಯ ಬ್ಯಾರಿ ಮುಸ್ಲಿಂ ವ್ಯಾಪಾರಿ.

ಎರಡು ಸಂಬಂಧಗಳು ಹೆಣ್ಣು ನೋಡುವ ಮೊದಲೇ ಮುರಿದವು. ಎರಡೂ ಮನೆಯವರು ಹೇಳಿದ್ದು ಒಂದೇ ಮಾತು: "ಹುಡುಗಿಗೆ ಮೂರ್ಛೆ ರೋಗ ಉಂಟಂತೆ." ಚಿಕ್ಕಂದಿನಲ್ಲಿ ಜ್ವರ ಏರಿ ನನಗೆ ಮೂರ್ಛೆ ಬಂದದ್ದು ಹೌದು. ಆಮೇಲೆ ಯಾವತ್ತೂ ಬಂದಿಲ್ಲ. ಆದರೆ ಮೂರನೆಯದೂ ಹೀಗೆ ಮುರಿದರೆ ನಾಲ್ಕನೆಯದು ಬರುವುದಿಲ್ಲ ಎಂದು ನನಗೂ ತಿಳಿಯುತ್ತಿತ್ತು.

ಅಣ್ಣನ ಸಂಶಯ ನೇರ ಎದುರು ಮನೆಗೆ ಹೋಯಿತು. "ಕಾರು ಕೊಟ್ಟವನೇ ಸುದ್ದಿಯನ್ನೂ ಕೊಟ್ಟಿದ್ದಾನೆ. ಈಗಲೇ ಹೋಗಿ ಕೇಳ್ತೇನೆ."

ಬಂಗುಡೆ ಮೀನು ಶುಚಿ ಮಾಡುತ್ತಿದ್ದ ಅತ್ತಿಗೆ ತಲೆ ಎತ್ತಲಿಲ್ಲ. "ಕೇಳಿ. ಅವರಲ್ಲದಿದ್ದರೆ ನಾಳೆಯಿಂದ ಹಿತ್ತಲ ಬಾಗಿಲಿನಲ್ಲೇ ಹೋಗಿ ಬನ್ನಿ. ಸ್ವಲ್ಪ ದಿನ ಬಾಯಿಗೆ ಬೀಗ ಹಾಕಿ ಮಾರಾಯ್ರೆ."

"ನನ್ನ ಬಾಯಿಗೆ ಬೀಗ. ಊರಿನ ಬಾಯಿಗೆ ಎಂತ ಹಾಕ್ತೀ?"

"ಊರಿಗೆ ಬೇಕಾದಷ್ಟು ಬಾಯಿ ಇರಲಿ. ನಮ್ಮ ಮನೆಯಿಂದ ಹೊರಗೆ ಹೋದದ್ದು ಒಂದೇ ಬಾಯಿಯಿಂದ ಅಲ್ವಾ?"

ಆ ವಾರವೇ ಅವರು ತವರಿಗೆಂದು ಹೇಳಿ ನನ್ನನ್ನೂ ಬಸ್ಸಿಗೆ ಹತ್ತಿಸಿದರು. ಮೊದಲು ಕಾರ್ಕಳ ಪೇಟೆಯಲ್ಲಿ ಅವರ ಚಿಕ್ಕಪ್ಪನ ಮನೆ, ಅಲ್ಲಿಂದ ಕುಕ್ಕುಂದೂರಿನ ಅವರ ಅಕ್ಕನ ಮನೆ, ಹಿಂದೆ ಬರುವಾಗ ಮಣಿಪಾಲದಲ್ಲಿ ಶಾಲೆಯ ಗೆಳತಿಯ ಮನೆ. ಮೂರರಲ್ಲೂ ಮದುವೆಯ ಪ್ರಾಯಕ್ಕೆ ಬಂದ ಗಂಡುಮಕ್ಕಳಿದ್ದರು. ಮೂರರಲ್ಲೂ ಅತ್ತಿಗೆ ಒಂದೇ ಮಾತು ಕೇಳಿಕೊಂಡರು: "ನಮ್ಮ ಹುಡುಗಿಯ ಬಗ್ಗೆ ಯಾರಾದರೂ ಸುದ್ದಿ ತಂದರೆ ಜಗಳ ಮಾಡಬೇಡಿ. ಕೂರಿಸಿ, ಕೇಳಿ, ನನಗೆ ಹೇಳಿಕಳಿಸಿ."

ಊರಿಗೆ ಬಂದು ಮಾವನಿಗೆ ಕುಕ್ಕುಂದೂರಿನ ಸಂಬಂಧವೆಂದರು. ದೊಡ್ಡಮ್ಮನಿಗೆ ಮಣಿಪಾಲದ್ದೆಂದರು. ಎದುರು ಮನೆಯವರಿಗೆ, ಕಾರ್ಕಳ ಪೇಟೆಯವರು ಬರುತ್ತಾರೆ, ಕಾರು ಬೇಕಾದೀತು ಎಂದರು. ಪ್ರತಿಯೊಬ್ಬರಿಗೂ, "ನಿಮಗೊಬ್ಬರಿಗೇ ಹೇಳಿದ್ದು."

ಅಣ್ಣನಿಗೆ ಇದು ಯಾವುದೂ ಗೊತ್ತಿರಲಿಲ್ಲ. ನಾನು ಮಾತ್ರ ಗೇಟಿನ ಸದ್ದಾದಾಗಲೆಲ್ಲ ಎದ್ದು ನೋಡುತ್ತಿದ್ದೆ. ಕಾರ್ಕಳ ಪೇಟೆಯಿಂದ ಸುದ್ದಿ ಬಂದು ಎದುರು ಮನೆಯವರೇ ಎಂದಾಗಬಾರದು ಎಂದು ಒಂದು ಆಸೆ. ಮಾವನೂ ಆಗಿರಬಾರದು ಎಂದು ಇನ್ನೊಂದು. ದೊಡ್ಡಮ್ಮನ ಬಗ್ಗೆ ಯೋಚನೆಯೇ ಬರಲಿಲ್ಲ. ಅಮ್ಮ ಹೋದ ಮೇಲೆ ನನ್ನ ತಲೆ ಬಾಚಿ ಬೆಳೆಸಿದವರು ಅವರು.

ಸುದ್ದಿ ಬಂದದ್ದು ಮಣಿಪಾಲದಿಂದ. ಗೆಳತಿ ತಾನೇ ಬಂದು ಅಡುಗೆಮನೆಯಲ್ಲಿ ಕೂತು ಹೇಳಿದರು. "ಪ್ರಾಯ ಆದ ಹೆಂಗಸು. ಕಾಫಿಯನ್ನೂ ಕುಡೀಲಿಲ್ಲ. ನಮ್ಮ ಹುಡುಗಿ ಚಿನ್ನದಂಥವಳು, ಆದರೆ ಹೀಗೊಂದು ಉಂಟು, ಆಮೇಲೆ ಗೊತ್ತಾಗಿ ಅವಳನ್ನು ಹಿಂದೆ ಕಳಿಸ್ಬೇಡಿ ಅಂತ ಹೇಳಿ ಅತ್ತರು."

ಅದು ದೊಡ್ಡಮ್ಮನೇ, ಯಾಕೆಂದೂ ನನಗೆ ಹೊಳೆಯಿತು. ದೊಡ್ಡಮ್ಮನ ಮಗಳನ್ನು ಕೊಟ್ಟ ಮನೆಯವರು ಹುಡುಗನ ಕಾಯಿಲೆಯನ್ನು ಮುಚ್ಚಿಟ್ಟಿದ್ದರು. ಅವಳು ತಿರುಗಿ ಬಂದು ತಾಯಿಯ ಮನೆಯಲ್ಲೇ ಉಳಿದಿದ್ದಳು. ದೊಡ್ಡಮ್ಮ ಸಿಕ್ಕಿಬಿದ್ದರು ಎಂಬ ಖುಷಿ ಅತ್ತಿಗೆಯ ಮುಖದಲ್ಲಿ ಇರಲಿಲ್ಲ. ಸಂಜೆ ಅಣ್ಣನಿಗೆ ಹೇಳಿದ್ದು ಇಷ್ಟೇ: "ಎದುರು ಮನೆಯವರಲ್ಲ. ಹೆಚ್ಚು ಕೇಳ್ಬೇಡಿ."

ಕೆಲವು ತಿಂಗಳ ನಂತರ ಕಾರ್ಕಳದ ಕಡೆಯಿಂದ ನಿಜವಾದ ಸಂಬಂಧವೇ ಬಂತು. ಅತ್ತಿಗೆ ಕಟ್ಟಿದ ಮಲ್ಲಿಗೆಯ ಒಂದು ಚೆಂಡು ಹಿಡಿದುಕೊಂಡು ನನ್ನ ಜೊತೆ ಉಡುಪಿಗೆ ಹೋದರು. ಹುಡುಗನ ಮನೆ ಯಾವುದು, ಎಲ್ಲಿ ಎಂದು ದೊಡ್ಡಮ್ಮನಿಗೆ ಎಲ್ಲವನ್ನೂ ಹೇಳಿದರು. "ಇವಳಿಗೆ ಚಿಕ್ಕಂದಿನಲ್ಲಿ ಆದದ್ದನ್ನು ಹೆಣ್ಣು ನೋಡುವ ಮೊದಲೇ ಅವರಿಗೆ ಹೇಳಿಬಿಡುವ ಅಂತ ಉಂಟು. ನಾನು ಹೇಳಿದರೆ ಸಣ್ಣ ಬಾಯಿ. ನೀವು ಹಿರಿಯರು. ನೀವೇ ಬಂದು ಹೇಳಬೇಕು ದೊಡ್ಡಮ್ಮ."

ದೊಡ್ಡಮ್ಮ ಮಲ್ಲಿಗೆಯನ್ನು ಕೈಯಲ್ಲಿ ತಿರುಗಿಸುತ್ತಾ ಕೂತರು. "ಹೇಳಿದರೆ ಮುರಿದೀತಲ್ಲ, ಮಗಾ?"

"ಮುರಿದರೆ ಮುರೀಲಿ. ನಮ್ಮ ಮುಂದೆಯೇ ಮುರೀಲಿ."

ಹುಡುಗನ ಮನೆಗೆ ಎದುರು ಮನೆಯವರ ಕಾರಿನಲ್ಲೇ ಹೋದೆವು. ನಾನು ಕಾರಿನಲ್ಲಿ ಕೂತಿದ್ದೆ, ಒಳಗೆ ನಡೆದದ್ದನ್ನು ಅತ್ತಿಗೆ ಆಮೇಲೆ ಹೇಳಿದರು. ದೊಡ್ಡಮ್ಮ ಎಲ್ಲವನ್ನೂ ಬಿಡಿಸಿ ಹೇಳಿದರಂತೆ. ಹುಡುಗನ ತಾಯಿ, "ಈಗ ಉಂಟಾ?" ಎಂದು ಕೇಳಿದರಂತೆ. "ಇಲ್ಲ" ಎಂದಾಗ, "ಹಾಗಾದರೆ ಹುಡುಗಿಯನ್ನು ಯಾಕೆ ಬಿಸಿಲಲ್ಲಿ ಕೂರಿಸಿದ್ದೀರಿ, ಒಳಗೆ ಕರೀರಿ" ಎಂದರಂತೆ. ಆ ತಾಯಿಯೇ ನನ್ನ ಅತ್ತೆಯಾದರು.

ನಮಗೆ ಎಲ್ಲ ಗೊತ್ತು ಎಂದು ದೊಡ್ಡಮ್ಮನಿಗೆ ಯಾವಾಗ ಹೇಳುವುದು ಎಂದು ನಾನು ಒಮ್ಮೆ ಅತ್ತಿಗೆಯನ್ನು ಕೇಳಿದೆ.

"ಎಂತಕ್ಕೆ? ಅವರು ಸುಳ್ಳು ಹೇಳಿದ್ದಾ?"

"ಅಲ್ಲ."

"ಮತ್ತೆ ಸುಮ್ಮನಿರು."

ದೊಡ್ಡಮ್ಮ ಅದನ್ನು ತಿಳಿಯದೆಯೇ ಹೋದರು. ಅವರಿರುವವರೆಗೆ ಮನೆಯಲ್ಲಿ ಏನೇ ಶುಭಕಾರ್ಯವಿದ್ದರೂ ಅತ್ತಿಗೆ ಆಮಂತ್ರಣದ ಮೊದಲ ಹೇಳಿಕೆ ಉಡುಪಿಗೇ ಒಯ್ಯುತ್ತಿದ್ದರು.

ಉತ್ತರಕ್ರಿಯೆ ಕಳೆದು ನೆಂಟರೆಲ್ಲ ಹೋದ ಮೇಲೆ ಅಣ್ಣ ಜಗಲಿಯಲ್ಲಿ ಕೂತು ಕೇಳಿದ: "ಆ ಸುದ್ದಿ ಯಾರು ಹೇಳಿದ್ದು ಅಂತ ಅವಳು ಕೊನೆಗೂ ಹೇಳಲಿಲ್ಲ. ನಿನಗೆ ಗೊತ್ತುಂಟಾ?"

ಇನ್ನು ಮುಚ್ಚಿಡುವುದು ಯಾರಿಗಾಗಿ? ಎಲ್ಲ ಹೇಳಿದೆ. ಅಣ್ಣ ರಸ್ತೆಯ ಆಚೆ ನೋಡುತ್ತಾ ಕೇಳಿಸಿಕೊಂಡ. ಅತ್ತಿಗೆಯ ಮಾತನ್ನು ಪೂರ್ತಿ ನಂಬದೆ, ಇಷ್ಟು ವರ್ಷ ಎದುರು ಮನೆಯವರ ಕಾರಿನಲ್ಲಿ ಕೂತರೂ ಅವನು ಆ ಮನೆಯ ಜಗಲಿ ಹತ್ತಿರಲಿಲ್ಲ.

ಆಮೇಲೆ ಎದ್ದು ಅಂಗಿ ಹಾಕಿಕೊಂಡು ರಸ್ತೆ ದಾಟಿದ. ಎದುರು ಮನೆಯ ಮುದುಕರು ಬಾಗಿಲಲ್ಲೇ ಇದ್ದರು. "ಬನ್ನಿ, ಬನ್ನಿ" ಎಂದು ಅವರು ಕರೆದದ್ದು ಇಲ್ಲಿಯವರೆಗೂ ಕೇಳಿಸಿತು. ನಾನು ಒಳಗೆ ಹೋಗಿ ಅತ್ತಿಗೆಗೆ ಹೇಳಬೇಕೆಂದು ಎದ್ದೆ. ಅಡುಗೆಮನೆಯ ಬಾಗಿಲಿಗೆ ಬಂದ ಮೇಲೆ ನೆನಪಾಯಿತು.