ಗೋಡೆ ಬದಿಯ ಕುರ್ಚಿ

ಶಾಲಾ ಸಮವಸ್ತ್ರ ಹೊಲಿಯುವ ಆ ಮಹಡಿ ಕೋಣೆಯಲ್ಲಿ ಎಲ್ಲರೂ ಅವರನ್ನು ಕರೆಯುವುದು ‘ಕಾಲರಕ್ಕ’ ಎಂದು. ಅಂಗಿಗೆ ಕಾಲರ್ ಕೂರಿಸುವುದು ಅವರ ಕೆಲಸ. ಬೆಳಿಗ್ಗೆ ಕುರ್ಚಿಗೆ ಅಂಟಿಕೊಂಡರೆ ಊಟಕ್ಕೊಮ್ಮೆ ಏಳುವುದು, ಆಮೇಲೆ ಸಂಜೆಗೇ. ಅವರ ತಾಯಿಯದೂ ಇದೇ ಕಸುಬಾಗಿತ್ತು; ಕೊನೆಗಾಲದಲ್ಲಿ ಕಾಲು ಊದಿ, ಮಂಚದಿಂದ ಬಚ್ಚಲಿಗೆ ಹೋಗಲೂ ಮಗಳ ಹೆಗಲು ಬೇಕಾಗುತ್ತಿತ್ತು. ಆದ್ದರಿಂದ ತಮ್ಮ ಪಾದಗಳೂ ಊದಿಕೊಂಡು ಚಪ್ಪಲಿ ಹಿಡಿಸದಂತಾದಾಗ ಕಾಲರಕ್ಕ ತಡಮಾಡದೆ ವೈದ್ಯೆಯ ಬಳಿಗೆ ಹೋದರು.

“ಇಡೀ ದಿನ ಕೂತಿರ್ಬೇಡಿ. ಆಗಾಗ ಎದ್ದು, ಒಂದು ನಿಮಿಷ ಏದುಸಿರು ಬರೋ ಹಾಗೆ ಮೆಟ್ಟಿಲು ಹತ್ತಿ,” ಎಂದರು ವೈದ್ಯೆ.

‘ಆಗಾಗ’ ಎಂದರೆ ಯಾವಾಗ ಎಂಬುದನ್ನು ಹೊಲಿಗೆ ಯಂತ್ರವೇ ಗೊತ್ತುಮಾಡಿತು. ಸೂಜಿಯ ಕೆಳಗಿನ ಪುಟ್ಟ ಬಾಬಿನ್‌ನಲ್ಲಿ ದಾರ ಮುಗಿದಾಗ ಕೈ ನಿಲ್ಲಿಸಲೇಬೇಕು. ಯಾರೂ ಏಳದಿರಲೆಂದು ದಾರ ತುಂಬಿದ ಬಾಬಿನ್‌ಗಳ ಡಬ್ಬಿಯನ್ನು ಪ್ರತಿ ಮೇಜಿಗೂ ಕೊಡುವುದು ಅಲ್ಲಿನ ಪದ್ಧತಿ. ಕಾಲರಕ್ಕ ತಮ್ಮ ಡಬ್ಬಿಯನ್ನು ತಾರಸಿಯ ಬಾಗಿಲ ಬಳಿ ಇಟ್ಟು ಬಂದರು. ಒಂದು ಮುಗಿಯುತ್ತಲೇ ಮೆಟ್ಟಿಲು ಹತ್ತಿ ಓಡುವರು. ತರುವುದು ಮತ್ತೊಂದನ್ನು ಮಾತ್ರ.

“ಏನಕ್ಕಾ, ಓಟದ ಪಂದ್ಯಕ್ಕೆ ಹೆಸರು ಕೊಟ್ಟಿದ್ದೀರಾ? ಸಂಬಳ ಕೊಡೋದು ಕೂತು ಹೊಲಿಯೋಕೆ,” ಎಂದ ಮೇಲ್ವಿಚಾರಕ.

“ಸಂಬಳ ಕಾಲರಿಗೆ, ಕುರ್ಚಿಗಲ್ಲ. ಕಾಲರ್ ಕಡಿಮೆ ಬಿದ್ರೆ ಆಗ ಕೇಳಪ್ಪ.”

ಕಾಲರ್ ಕಡಿಮೆ ಬೀಳಲಿಲ್ಲ. ತನ್ನ ಮಾತು ನಡೆಯಲಿಲ್ಲವೆಂಬುದೇ ಅವನಿಗೆ ಚುಚ್ಚಿತು. ಮರುದಿನ ಕಾಲರಕ್ಕನ ಯಂತ್ರ ಸಾಲಿನ ತುದಿಗೆ, ಗೋಡೆಯ ಮೂಲೆಗೆ ಸರಿದಿತ್ತು. ಆ ಸಾಲಿನ ಹಿಂದೆ ಓಡಾಡಲು ಜಾಗವೇ ಇಲ್ಲ. ಪಕ್ಕದ ಐವರೂ ಎದ್ದು ಕುರ್ಚಿ ಸರಿಸಿದರಷ್ಟೇ ಅವರು ಹೊರಬರಬಹುದು. ಇಷ್ಟು ಜನರನ್ನು ಎಬ್ಬಿಸಲು ಸಂಕೋಚಪಟ್ಟು ಸುಮ್ಮನಾಗುತ್ತಾರೆ ಎಂಬುದು ಅವನ ಲೆಕ್ಕಾಚಾರ.

ದಾರ ಮುಗಿಯಿತು. “ಸ್ವಲ್ಪ ಏಳ್ರಮ್ಮಾ!”

“ನಿನ್ನ ಬಾಬಿನ್‌ಗೆ ಬೆಂಕಿ ಬೀಳ!” ಎಂದು ಶಪಿಸುತ್ತಲೇ ಎದ್ದವರು ಜೇಬು ಹೊಲಿಯುವ ಚಿಕ್ಕಮ್ಮ. ಸಾಲಿಗೆಲ್ಲ ಹಿರಿಯರು, ಬಾಯಿ ಜೋರು. ಎರಡು ದಿನ ಗೊಣಗಿದರು. ಮೂರನೆಯ ದಿನ ಎದ್ದವರು ಸೊಂಟ ಹಿಂದಕ್ಕೆ ಬಾಗಿಸಿ, “ಹಾಳಾದ್ದು, ಹಿಡ್ಕೊಂಡಿದ್ದು ಬಿಡ್ತು ಕಣೇ,” ಎಂದು ತಾವೂ ಮೆಟ್ಟಿಲ ಕಡೆ ನಡೆದರು. ಉಳಿದವರು ಅವರನ್ನು ಹಿಂಬಾಲಿಸಿದರು.

ಮೇಲ್ವಿಚಾರಕ ಬಾಗಿಲಿಗೆ ಅಡ್ಡ ನಿಂತ. “ಕಾಲರಕ್ಕಾ, ಈಗ ಹೊರಗೆ ಕಾಲಿಟ್ರೆ ನಾಳೆ ಕೆಲಸಕ್ಕೆ ಬರಬೇಡಿ.”

ತಿಂಗಳ ಕೊನೆಯ ಅಕ್ಕಿ, ಬಾಡಿಗೆ ಎಲ್ಲವೂ ಕಾಲರಕ್ಕನ ಕಣ್ಣ ಮುಂದೆ ಬಂದವು. ಅಮ್ಮನ ಮಂಚವೂ ಬಂತು.

“ಪಕ್ಕಕ್ಕೆ ಸರಿಯಪ್ಪ,” ಎಂದರು.

“ಅವಳ ಜೊತೆ ನಾಳೆ ನಾವೂ ಕೆಲಸಕ್ಕೆ ಬರೋದು ಬೇಡ ತಾನೇ?” ಚಿಕ್ಕಮ್ಮ ಹಿಂದಿನಿಂದ ಕೂಗಿದರು. “ಹಾಗಾದ್ರೆ ಅಂಗಿಗೆ ಜೇಬು ನೀನೇ ಹಚ್ಚು, ರಾಜ!”

ಅವನು ಸರಿದ. ಆರು ಜೊತೆ ಕಾಲುಗಳ ಸದ್ದಿಗೆ ಮೆಟ್ಟಿಲು ದಡದಡ ಎಂದಿತು.

ವಾರದ ನಂತರ ಅವನೇ ಬಂದು ದನಿ ತಗ್ಗಿಸಿ ಕೇಳಿದ: “ಅಕ್ಕಾ, ಹಳೇ ಜಾಗಕ್ಕೇ ಹೋಗ್ತೀರಾ? ಬಾಗಿಲ ಪಕ್ಕ, ಗಾಳಿ ಬೆಳಕು ಚೆನ್ನಾಗಿದೆ. ನೀವೊಬ್ರೇ ಎದ್ದು ಹೋಗಬಹುದು.”

ಕಾಲರಕ್ಕ ಖಾಲಿ ಬಾಬಿನ್ ಹೊರತೆಗೆದು ಎದ್ದು ನಿಂತರು.

“ಬೇಡಪ್ಪ, ಮೂಲೆಯೇ ಇರಲಿ. ಏಳ್ರಮ್ಮಾ!”