ದೊಡ್ಡವ್ವ ಹೇಳದ ಹೆಸರು

ಮೊನ್ನೆ ಪಕ್ಕದ ಮನೆಯವರು ಗುರೆಳ್ಳು ಹುರಿಯುತ್ತಿದ್ದರು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಕೈಯಲ್ಲಿದ್ದ ಚಹಾ ಆರಿಹೋಯಿತು, ಮನಸ್ಸು ದೇವದುರ್ಗಕ್ಕೆ ಓಡಿತು... ಎಪ್ಪತ್ತರ ದಶಕದ ಕೊನೆ ಅದು. ನಾನು ಅಲ್ಲಿ ಹೊಸದಾಗಿ ಟೀಚರ್ ಆಗಿದ್ದೆ. ಬಾಡಿಗೆ ಮನೆಯ ಎದುರಿಗೇ ದೊಡ್ಡವ್ವನ ಮನೆ. ನನಗೆ ಸಂಬಂಧವೇನಲ್ಲ, ಓಣಿಗೆಲ್ಲ ಆಕೆ ದೊಡ್ಡವ್ವ, ಆಕೆಯ ಗಂಡ ದೊಡ್ಡಪ್ಪ. ಆಕೆ ಕುಟ್ಟಿದ ಗುರೆಳ್ಳು ಪುಡಿ ಇಲ್ಲದೆ ನನಗೆ ರೊಟ್ಟಿ ಇಳಿಯುತ್ತಿರಲಿಲ್ಲ.

ಒಂದು ದಿನ ಆ ಪುಡಿ ಬಾಯಿಗಿಡಲಾಗದಷ್ಟು ಉಪ್ಪಾಗಿತ್ತು. ಮುಂದಿನ ಸಲವೂ ಹಾಗೇ. ಆಮೇಲೆ ಒಲೆ ಹಚ್ಚಿಟ್ಟು ನೀರಿಗೆ ಹೋಗಿಬಿಡುವುದು, ಉಂಡು ಎದ್ದ ದೊಡ್ಡಪ್ಪನಿಗೆ ಮತ್ತೆ ತಾಟು ಇಡುವುದು, ಕೇಳಿದ್ದನ್ನೇ ಕೇಳುವುದು... ಓಣಿಯವರು "ವಯಸ್ಸಾತು, ಅರಳು ಮರಳು" ಎಂದು ಸುಮ್ಮನಾದರು. ದೊಡ್ಡಪ್ಪ ಸುಮ್ಮನಿರಲಿಲ್ಲ. "ಬೇಕಂತನ ಮಾಡ್ತಾಳ್ರೀ ಟೀಚರ್, ನನ್ನ ಹೊಟ್ಟಿ ಉರಸಾಕತ್ತಾಳ" ಎಂದು ದಿನವೆಲ್ಲ ಬೈಯುತ್ತಿದ್ದ. ತಾನೇನು ತಪ್ಪು ಮಾಡಿದೆ ಎಂಬುದೇ ತಿಳಿಯದೆ ಆಕೆ ಮೂಲೆಯಲ್ಲಿ ಕೂತು ಅಳುತ್ತಿದ್ದಳು.

ಅದನ್ನು ನೋಡಲಾಗದೆ ನಾನೇ ರಜೆ ಹಾಕಿ ಆಕೆಯನ್ನು ರಾಯಚೂರಿಗೆ ಕರೆದೊಯ್ದೆ. ಅಲ್ಲೊಬ್ಬ ಡಾಕ್ಟರಿದ್ದರು, ಮೈಸೂರು ಕಡೆಯವರು. ಮುದುಕರ ಮರೆವೂ ರೋಗವಿರಬಹುದು ಎನ್ನುತ್ತಿದ್ದ ಅಪರೂಪದ ಮನುಷ್ಯ. ತಲೆಯೊಳಗೆ ಇಣುಕುವ ಯಂತ್ರ ಆಗ ನಮ್ಮ ಕಡೆ ಎಲ್ಲಿತ್ತು? ಪ್ರಶ್ನೆಗಳೇ ಪರೀಕ್ಷೆ.

"ಇವತ್ತು ತಾರೀಖು ಎಷ್ಟಮ್ಮ?"

ದೊಡ್ಡವ್ವ ನನ್ನ ಮುಖ ನೋಡಿದಳು. ಓದು ಬಾರದ ಆಕೆಗೆ ತಾರೀಖೆಲ್ಲಿಯದು, ಸಂತೆ ಅಮಾವಾಸ್ಯೆಗಳದೇ ಲೆಕ್ಕ ಎಂದೆ ನಾನು.

"ಹೋಗಲಿ, ನಿಮ್ಮ ಯಜಮಾನರ ಹೆಸರು?"

ದೊಡ್ಡವ್ವ ಬಾಯಿಗೆ ಸೆರಗು ಹಿಡಿದು ತಲೆ ತಗ್ಗಿಸಿದಳು. ಡಾಕ್ಟರು ಏನೋ ಬರೆದುಕೊಂಡರು. ನಾನು ನಕ್ಕೇಬಿಟ್ಟೆ. "ನಮ್ಮ ಕಡೆ ಹೆಣ್ಮಕ್ಕಳು ಗಂಡನ ಹೆಸರು ಹೇಳಂಗಿಲ್ರೀ ಸರ್!" ಅವರೂ ನಕ್ಕು, ಬರೆದದ್ದನ್ನು ಹೊಡೆದುಹಾಕಿದರು. "ಹಾಗಾದ್ರೆ ಇವತ್ತು ಏನೂ ಹೇಳೋಕಾಗಲ್ಲ. ಮೂರು ತಿಂಗಳು ಬಿಟ್ಟು ಕರ್ಕೊಂಡು ಬನ್ನಿ, ಬೇರೆ ಥರ ಕೇಳೋಣ" ಎಂದರು.

ಮದುವೆ ಮನೆಗಳಲ್ಲಿ ಗಂಡನ ಹೆಸರನ್ನು ಪದ್ಯದಲ್ಲಿ ಸೇರಿಸಿ ಒಡಪು ಹೇಳುವುದರಲ್ಲಿ ದೊಡ್ಡವ್ವನದು ಎತ್ತಿದ ಕೈ. ಡಾಕ್ಟರ ಮುಂದೆ ಒಂದು ಒಡಪು ಹೇಳಿಸಿ ನೋಡೋಣ ಎಂದು ನನಗೆ ಹೊಳೆಯಲೇ ಇಲ್ಲ. ಡಾಕ್ಟರಿಗೇ ಪಾಠ ಹೇಳಿದೆನೆಂಬ ಸೊಕ್ಕು ನನಗೆ.

ಊರಿಗೆ ಬಂದು, "ಏನೂ ಇಲ್ಲಂತ" ಎಂದುಬಿಟ್ಟೆ. ದೊಡ್ಡಪ್ಪನಿಗೆ ಅಷ್ಟೇ ಸಾಕಾಯಿತು. "ಡಾಕ್ಟ್ರೂ ಏನಿಲ್ಲ ಅಂದಾರ. ಎಲ್ಲಾ ಸೋಗು!" ಬೈಗುಳ ಎರಡು ಪಟ್ಟಾಯಿತು. ಮೂರು ತಿಂಗಳು ಹೋಗಿ ಎಂಟಾಯಿತು. ಶಾಲೆ, ಪರೀಕ್ಷೆ ಎಂದು ನಾನು ಮತ್ತೆ ಕರೆದೊಯ್ಯಲಿಲ್ಲ.

ಒಂದು ಬೆಳಿಗ್ಗೆ ದೊಡ್ಡಪ್ಪ ಕಟ್ಟೆಯ ಮೇಲೆ ಕೂತಿದ್ದ. ದೊಡ್ಡವ್ವ ಹೊರಗೆ ಬಂದಳು, ತಲೆಯ ಮೇಲೆ ಸೆರಗಿಲ್ಲ. ಇಡೀ ಓಣಿ ಕೇಳುವಂತೆ ಗಂಡನ ಹೆಸರು ಹಿಡಿದು ಕೂಗಿದಳು. "ಹುಣಸಿಕಾಯಿ ಬಡಿಯಾಕ ಬರ್ತೀಯೇನಲೇ? ಯವ್ವ ಮಲಗ್ಯಾಳ, ಲಗೂ ಬಾ!"

ಕೊಡ ಹೊತ್ತ ಹೆಂಗಸರು ನಿಂತಲ್ಲೇ ನಿಂತರು. ಆಕೆ ದೊಡ್ಡಪ್ಪನ ಸೋದರತ್ತೆಯ ಮಗಳು, ಅಲ್ಲೇ ಹತ್ತಿರದ ಜಾಲಹಳ್ಳಿಯಲ್ಲಿ ಇಬ್ಬರೂ ಕೂಡಿ ಆಡಿ ಬೆಳೆದವರು. ತಾಳಿ ಕಟ್ಟಿಸಿಕೊಂಡ ಮೇಲೆ ಆ ಹೆಸರನ್ನು ಆಕೆ ಹಾಗೆ ಕರೆದದ್ದು ಅದೇ ಮೊದಲು. ದೊಡ್ಡಪ್ಪನ ಮುಖ ಬಿಳಿಚಿಕೊಂಡಿತು. ಎದ್ದು ಹೋಗಿ ಆಕೆಯ ಕೈ ಹಿಡಿದ. "ಬರ್ತೀನಿ, ನಡಿ" ಎಂದ.

ಅಂದಿನಿಂದ ಆಕೆಗೆ ಒಂದು ಮಾತೂ ಬೈಯಲಿಲ್ಲ. ಅದೇ ಸಂಜೆ ನನ್ನ ಬಾಗಿಲಿಗೆ ಬಂದು ಮಗುವಿನಂತೆ ಅತ್ತ. "ರೋಗ ಆದಾಕಿನ್ನ ಬೈದ್ನಲ್ರೀ ಟೀಚರ್..."

ಎರಡು ವರ್ಷಕ್ಕೆ ದೊಡ್ಡವ್ವ ತೀರಿಕೊಂಡಳು. ಆಮೇಲೆ ದೊಡ್ಡಪ್ಪನೂ... ಮರೆವಿನ ರೋಗಕ್ಕೆ ಹೊಸ ಪರೀಕ್ಷೆ, ಹೊಸ ಔಷಧದ ಹುಡುಕಾಟ ಎಂದು ಈಗ ಎಲ್ಲಿ ಬಂದರೂ ಕೊನೆಯ ಸಾಲಿನವರೆಗೆ ಓದುತ್ತೇನೆ. ಅಂದು ಔಷಧ ಇರಲಿಲ್ಲ, ನಿಜ. ಆದರೆ ರೋಗ ಎಂಬ ಒಂದು ಮಾತು ಡಾಕ್ಟರ ಬಾಯಿಂದ ಬಂದಿದ್ದರೆ ಆ ಎಂಟು ತಿಂಗಳ ಬೈಗುಳ ಆಕೆಗೆ ತಪ್ಪುತ್ತಿತ್ತು. ಆ ಮಾತು ಬಾರದಂತೆ ಮಾಡಿದವಳು ನಾನು.